ಈರುಳ್ಳಿಯ ಫ್ಲೇವನಾಯ್ಡ್ ಮೈಗೆ ಹತ್ತುತ್ತಾ?

ಓದುಗರ ಪ್ರಶ್ನೆ: ಊಟದ ಜೊತೆ ದಿನಾ ಹಸಿ ಈರುಳ್ಳಿ ತಿನ್ನುತ್ತೇನೆ. ಅದರಲ್ಲಿರುವ ಫ್ಲೇವನಾಯ್ಡ್ ನಿಜವಾಗಿ ಮೈಗೆ ಹತ್ತುತ್ತಾ, ಇಲ್ಲ ಸುಮ್ನೆ ಮೂತ್ರದಲ್ಲಿ ಹೋಗಿಬಿಡುತ್ತಾ?

ಹತ್ತುತ್ತದೆ. ಆದರೆ ಪೂರ್ತಿ ಅಲ್ಲ, ನೀವು ತಿಂದ ರೂಪದಲ್ಲೂ ಅಲ್ಲ.

ಫ್ಲೇವನಾಯ್ಡ್ ಅಂದರೆ ಗಿಡಗಳು ತಯಾರಿಸುವ ಒಂದು ಬಗೆಯ ರಾಸಾಯನಿಕ; ಈರುಳ್ಳಿಯಲ್ಲಿ ಮುಖ್ಯವಾದದ್ದು ಕ್ವೆರ್ಸೆಟಿನ್. ಅಲ್ಲಿ ಅದು ಒಂಟಿಯಾಗಿರುವುದಿಲ್ಲ, ಗ್ಲೂಕೋಸ್‌ಗೆ ಅಂಟಿಕೊಂಡಿರುತ್ತದೆ. ಇದು ನಮಗೆ ಅನುಕೂಲವೇ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನ ಗೋಡೆಯಲ್ಲಿದೆಯಲ್ಲ, ಅದೇ ಈ ಗ್ಲೂಕೋಸನ್ನೂ ಕತ್ತರಿಸಿ ಹಾಕುತ್ತದೆ. ಸಕ್ಕರೆ ಕಳಚಿದ ಕ್ವೆರ್ಸೆಟಿನ್ ಕರುಳಿನ ಜೀವಕೋಶದೊಳಗೆ ನುಸುಳುತ್ತದೆ. ತಿಂದು ಒಂದು ಗಂಟೆಯ ಆಸುಪಾಸಿನಲ್ಲೇ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆ.

ಚಹಾದಲ್ಲಿ ಸಿಗುವ ರುಟಿನ್ ಕೂಡ ಕ್ವೆರ್ಸೆಟಿನ್ನೇ, ಅಂಟಿದ ಸಕ್ಕರೆ ಮಾತ್ರ ಬೇರೆ. ಅದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಬಹುಪಾಲು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ಬಿಡಿಸಬೇಕು, ಅದಕ್ಕೆ ಆರೇಳು ಗಂಟೆ ಬೇಕು. 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೀಟರ್ ಹೋಲ್ಮನ್ ತಂಡ, ದೊಡ್ಡ ಕರುಳು ತೆಗೆಸಿಕೊಂಡಿದ್ದವರಲ್ಲಿ ಸಣ್ಣ ಕರುಳಿನಿಂದ ಒಳಸೇರದೆ ಹೊರಬಂದದ್ದನ್ನು ಅಳೆದು ಲೆಕ್ಕ ಹಾಕಿತು. ಈರುಳ್ಳಿಯಿಂದ ಒಳಸೇರಿದ್ದು ಶೇ. 52, ಸಕ್ಕರೆಯಿಲ್ಲದ ಶುದ್ಧ ಕ್ವೆರ್ಸೆಟಿನ್ ಶೇ. 24, ರುಟಿನ್ ಶೇ. 17.

ಒಳಗೆ ಬಂದ ಮೇಲೂ ದೇಹ ಅದನ್ನು ಹೊರಗಿನವನಂತೆಯೇ ನೋಡುತ್ತದೆ. ಕರುಳು, ಲಿವರ್ ಎರಡೂ ಸೇರಿ ಅದಕ್ಕೆ ಗ್ಲುಕುರೋನಿಕ್ ಆಮ್ಲ, ಸಲ್ಫೇಟ್ ಅಂಟಿಸುತ್ತವೆ. ಹೊರಹಾಕಲು ಸುಲಭವಾಗಲಿ ಅಂತ. ರಕ್ತದಲ್ಲಿ ಓಡಾಡುವುದು ಬಹುಪಾಲು ಈ ಬದಲಾದ ರೂಪವೇ. ಹಾಗಾಗಿ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಶುದ್ಧ ಕ್ವೆರ್ಸೆಟಿನ್ ಮಾಡಿದ ಪವಾಡವನ್ನು ತೋರಿಸಿ ಮಾತ್ರೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಪಾಲು ಪಿತ್ತರಸದ ಜೊತೆ ಮತ್ತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅಂಟಿಸಿದ್ದನ್ನು ಕಿತ್ತರೆ ಇನ್ನೊಮ್ಮೆ ರಕ್ತಕ್ಕೆ ಹೋಗಬಹುದು. ಈ ಸುತ್ತಾಟದಿಂದಲೂ ಅದು ಬೇಗ ಖಾಲಿಯಾಗುವುದಿಲ್ಲ. ಅರ್ಧಕ್ಕೆ ಇಳಿಯಲು 11ರಿಂದ 28 ಗಂಟೆ ಹಿಡಿಯುತ್ತದೆ. ದಿನಾ ತಿನ್ನುವ ನಿಮ್ಮ ರಕ್ತದಲ್ಲಿ ನಿನ್ನೆಯದೂ ಸ್ವಲ್ಪ ಉಳಿದಿರುತ್ತದೆ, ಅಲ್ವಾ?

ಇನ್ನು ಮೂತ್ರದ ಮಾತು. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದಾಗ ಕಾಣುವ ಗಾಢ ಹಳದಿ ರೈಬೋಫ್ಲೇವಿನ್‌ದು; ಹೆಸರು ಹತ್ತಿರವಾದರೂ ಅದು ಫ್ಲೇವನಾಯ್ಡ್ ಅಲ್ಲ. ಈರುಳ್ಳಿ ತಿಂದಾಗ ಕ್ವೆರ್ಸೆಟಿನ್ ರೂಪದಲ್ಲೇ ಮೂತ್ರಕ್ಕೆ ಹೋಗುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಉಳಿದದ್ದರಲ್ಲಿ ಜಾಸ್ತಿ ಭಾಗವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಚಿಕ್ಕ ಚಿಕ್ಕ ಆಮ್ಲಗಳಾಗಿ ಒಡೆಯುತ್ತವೆ. ಅವು ರಕ್ತ ಸೇರಿ, ಆಮೇಲೆ ಮೂತ್ರದಲ್ಲಿ ಹೋಗುತ್ತವೆ. ಇನ್ನಷ್ಟು ಪೂರ್ತಿ ಒಡೆದು ಇಂಗಾಲದ ಡೈಆಕ್ಸೈಡ್ ಆಗಿ ನಿಮ್ಮ ಉಸಿರಿನಲ್ಲೇ ಹೊರಬೀಳುತ್ತದೆ.