ಗರ್ಭದ ಮಾತು, ಗಡ್ಡೆಯ ಬಾಯಲ್ಲಿ

ಹುನಗುಂದ ಕಡೆಯ ಮೂರು ವರ್ಷದ ಹುಡುಗಿ. ಸ್ನಾನ ಮಾಡಿಸುವಾಗ ಹೊಟ್ಟೆಯ ಎಡಗಡೆ ಏನೋ ಗಟ್ಟಿಯಾದದ್ದು ಅಜ್ಜಿಯ ಕೈಗೆ ಹತ್ತಿತು. ಆಪರೇಷನ್ ಆಗಿ ಕಿಡ್ನಿಯು ಗಡ್ಡೆ ಸಮೇತ ಬಾಗಲಕೋಟೆಯ ನಮ್ಮ ಲ್ಯಾಬಿಗೆ ಬಂತು. ಅದು ವಿಲ್ಮ್ಸ್ ಗಡ್ಡೆ. ಐದು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ ಕಾಣುವ ಕಿಡ್ನಿ ಕ್ಯಾನ್ಸರ್.

ಈ ಗಡ್ಡೆಯ ಸ್ಲೈಡ್ ನೋಡಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಒತ್ತೊತ್ತಾದ ನೀಲಿ ಜೀವಕೋಶಗಳು, ಅರ್ಧಂಬರ್ಧ ಕೊಳವೆಗಳು, ನಡುವೆ ಸಡಿಲವಾದ ಅಂಗಾಂಶ. ಗರ್ಭದಲ್ಲೇ ತೀರಿಕೊಂಡ ಶಿಶುಗಳ ಅಂಗಾಂಶವೂ ನನ್ನ ಮೇಜಿಗೇ ಬರುತ್ತದೆ. ಆ ಶಿಶುಗಳ ಕಿಡ್ನಿಯಲ್ಲೂ ಇವೇ ಮೂರು ಇರುತ್ತವೆ. ಒಂದರಲ್ಲಿ ಅಚ್ಚುಕಟ್ಟಾಗಿ, ಇನ್ನೊಂದರಲ್ಲಿ ಅಡ್ಡಾದಿಡ್ಡಿಯಾಗಿ.

ರಿಪೋರ್ಟ್ ಒಯ್ಯಲು ಬಂದ ಅಜ್ಜಿ ಕೇಳಿದರು: "ಬಸರಿದ್ದಾಗ ಗ್ರಹಣದಾಗ ಹೊರಗ ಹೋಗಿದ್ಳ್ರಿ ಸಾಹೇಬ್ರ, ಅದಕ್ಕ ಹಿಂಗಾತೇನ್ರಿ?" ಹುಡುಗಿಯ ತಾಯಿ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. "ಇಲ್ಲಬೇ ಯವ್ವಾ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಸೊಸಿದು ಏನೂ ತಪ್ಪಿಲ್ಲ" ಅಂದೆ. ಹಾಗಾದರೆ ಯಾಕಾಯಿತು? ಅಂದು ನಿಂತಲ್ಲೇ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಭ್ರೂಣಕ್ಕೆ ಐದು ವಾರ ಆಗುವಾಗ ಕಿಡ್ನಿಯ ಕೆಲಸ ಶುರುವಾಗುತ್ತದೆ. ಒಂದು ಕಡೆ ಮೊಳಕೆಯಂಥ ಸಣ್ಣ ಕೊಳವೆ. ಅದರ ಸುತ್ತ ಸಡಿಲ ಕೋಶಗಳ ಗುಂಪು. ಗುಂಪಿನ ಕೋಶಗಳು ಜಿಡಿಎನ್‌ಎಫ್ ಎಂಬ ಪ್ರೋಟೀನ್ ಹೊರಗೆ ಬಿಡುತ್ತವೆ. ಮೊಳಕೆಯ ಮೈಮೇಲಿರುವ ರೆಟ್ ಎಂಬ ಗ್ರಾಹಕ, ಅಂದರೆ ಸಂಕೇತ ಹಿಡಿಯುವ ಪ್ರೋಟೀನ್, ಅದನ್ನು ಹಿಡಿಯುತ್ತದೆ. ಮೊಳಕೆ ಕವಲೊಡೆಯುತ್ತದೆ. ಕವಲು ಸುಮ್ಮನಿರುವುದಿಲ್ಲ, ತಿರುಗಿ ವಿಂಟ್ ಎಂಬ ಸಂಕೇತ ಕಳಿಸುತ್ತದೆ: ನೀವೂ ಕೊಳವೆಯಾಗಿ. ಆದರೆ ಗುಂಪಿನ ಕೋಶಗಳೆಲ್ಲ ಒಮ್ಮೆಗೇ ಕೊಳವೆಯಾಗಿಬಿಟ್ಟರೆ, ಮೊಳಕೆಗೆ ಮುಂದೆ ಕವಲೊಡೆ ಅನ್ನಲು ಯಾರೂ ಉಳಿಯುವುದಿಲ್ಲ. ಕಿಡ್ನಿ ಚಿಕ್ಕದಾಗಿಯೇ ನಿಲ್ಲುತ್ತದೆ. ಅದಕ್ಕೆ ಸಿಕ್ಸ್2 ಎಂಬ ಜೀನ್ ಒಂದಿಷ್ಟು ಕೋಶಗಳನ್ನು ಹಾಗೇ ಹಿಡಿದಿಡುತ್ತದೆ. ಒಂದು 'ಆಗು' ಅನ್ನುತ್ತದೆ, ಇನ್ನೊಂದು 'ತಾಳು' ಅನ್ನುತ್ತದೆ. ಈ ಎಳೆದಾಟದಲ್ಲೇ ಪ್ರತಿ ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ಸೋಸುವ ಘಟಕಗಳು ತಯಾರಾಗುತ್ತವೆ. ಸುಮಾರು 36ನೇ ವಾರಕ್ಕೆ ಕಾದಿದ್ದ ಕೋಶಗಳೂ ಮುಗಿದು ಕೆಲಸ ನಿಲ್ಲುತ್ತದೆ.

ವಿಲ್ಮ್ಸ್ ಗಡ್ಡೆಯಲ್ಲಿ ಅದು ನಿಂತಿರುವುದಿಲ್ಲ. ಕೆಲವು ಗಡ್ಡೆಗಳಲ್ಲಿ ವಿಂಟ್ ಸಂಕೇತವನ್ನು ಕೋಶದೊಳಗೆ ಮುಟ್ಟಿಸುವ ಬೀಟಾ ಕೆಟೆನಿನ್ ಎಂಬ ಪ್ರೋಟೀನ್ ಕೆಟ್ಟಿರುತ್ತದೆ, ಕೆಲವುಗಳಲ್ಲಿ ಸಿಕ್ಸ್2 ಜೀನೇ ಬದಲಾಗಿರುತ್ತದೆ. ಹೊರಗಿನಿಂದ ಯಾವುದೋ ಬಂದು ಸೇರಿದ್ದಲ್ಲ ಇದು. ನಮ್ಮನ್ನು ಕಟ್ಟಿದ ಮಾತೇ, ಹೊತ್ತು ಮೀರಿದ ಮೇಲೂ ನಡೆಯುತ್ತಿದೆ.

ವಿಂಟ್ ಎಂಬ ಹೆಸರಲ್ಲೇ ಈ ಕಥೆ ಇದೆ. 1982ರಲ್ಲಿ ರೋಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇಲಿಗಳ ಸ್ತನ ಕ್ಯಾನ್ಸರ್‌ನಲ್ಲಿ ಇಂಟ್1 ಎಂಬ ಜೀನ್ ಗುರುತಿಸಿದರು. ಹಣ್ಣಿನ ನೊಣದಲ್ಲಿ ವಿಂಗ್ಲೆಸ್ ಎಂಬ ಜೀನ್ ಮೊದಲೇ ಗೊತ್ತಿತ್ತು, ಅದು ಕೆಟ್ಟರೆ ರೆಕ್ಕೆ ಮೂಡುವುದಿಲ್ಲ. 1987ರಲ್ಲಿ ಎರಡೂ ಒಂದೇ ಎಂದು ತಿಳಿಯಿತು. ಎರಡು ಹೆಸರು ಕೂಡಿ ವಿಂಟ್ ಆಯಿತು. ರೆಟ್ ಕೂಡ ಹಾಗೇ. ಕಿಡ್ನಿ ಕಟ್ಟುವ ಅದೇ ಗ್ರಾಹಕ ಸದಾ ಚಾಲೂ ಇದ್ದುಬಿಟ್ಟರೆ ಥೈರಾಯ್ಡ್ ಕ್ಯಾನ್ಸರ್ ಬರಬಹುದು.

"ಹಂಗಾದ್ರ ಆ ಸಂಕೇತ ಬಂದ್ ಮಾಡೋ ಒಂದು ಗುಳಿಗಿ ಕೊಟ್ರ ಆತಲ್ರಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಭಾಗದ ಕಾಲುವೆ ನೆನೆಸಿಕೊಳ್ಳಿ. ನೀರು ಕೊನೆಯ ಹೊಲ ಮುಟ್ಟಿದರೆ ಅಲ್ಲಿಂದ ಗೇಟಿನವನಿಗೆ ಫೋನ್ ಹೋಗುತ್ತದೆ: ಸಾಕು, ಇಳಿಸು. ನಡುವೆ ಯಾರೋ ಕಾಲುವೆಗೆ ಅಡ್ಡ ಕಟ್ಟಿ ನೀರು ತಡೆದರು ಅಂತಿಟ್ಟುಕೊಳ್ಳಿ. ಕೊನೆಗೆ ನೀರಿಲ್ಲ, ಫೋನೂ ಇಲ್ಲ. ಗೇಟ್ ಇನ್ನಷ್ಟು ಮೇಲೇರುತ್ತದೆ. ನೀರು ಪಕ್ಕದ ಕಾಲುವೆಗೆ ನುಗ್ಗುತ್ತದೆ.

ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಇದೇ ಆಯಿತು. ಬಿರಾಫ್ ಎಂಬ ಜೀನ್ ಒಂದೇ ರೀತಿ ಕೆಟ್ಟಿದ್ದರೂ, ಅದನ್ನು ತಡೆಯುವ ಔಷಧಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು, ಕರುಳಿನಲ್ಲಿ ಹೆಚ್ಚುಕಡಿಮೆ ಸೋತಿತು. ಕಾರಣ 2012ರಲ್ಲಿ ಸಿಕ್ಕಿತು. ನಡುವೆ ಬಿರಾಫ್ ತಡೆದಾಗ, ಗೇಟಿನ ಹಾಗೆ, ಮೇಲಿನ ಇಜಿಎಫ್‌ಆರ್ ಎಂಬ ಗ್ರಾಹಕ ತೆರೆದುಕೊಳ್ಳುತ್ತದೆ. ಕರುಳಿನ ಕೋಶಗಳಲ್ಲಿ ಅದು ಧಾರಾಳವಾಗಿದೆ. ಮೆಲನೋಮಾದಲ್ಲಿ ಕಡಿಮೆ. ಯಾಕೆಂದರೆ ಬಣ್ಣ ಕೊಡುವ ಕೋಶಗಳ ಮೂಲವೇ ಬೇರೆ. ಭ್ರೂಣದ ಬೆನ್ನಿನ ಅಂಚಿನಿಂದ ಹೊರಟು ಚರ್ಮಕ್ಕೆ ನಡೆದು ಬಂದವು ಅವು. ಗರ್ಭದಲ್ಲಿ ಎಲ್ಲಿ ಹುಟ್ಟಿದವು ಎಂಬುದು ಎಷ್ಟೋ ವರ್ಷದ ಮೇಲೆ ಔಷಧಿಯ ಫಲವನ್ನು ತೀರ್ಮಾನಿಸಿತು! ನನ್ನ ಕೆಲಸದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ನನಗೆ ಗೊತ್ತಿಲ್ಲ. ಈಗ ಎರಡನ್ನೂ ಒಟ್ಟಿಗೆ ತಡೆಯುತ್ತಾರೆ. ಎಂಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆ ಹುಡುಗಿಗೆ ಇಂಥ ಹೊಸ ಔಷಧಿ ಬೇಕಾಗಲಿಲ್ಲ. ವಿಲ್ಮ್ಸ್‌ಗೆ ಆಪರೇಷನ್ ಜೊತೆ ವಿಂಕ್ರಿಸ್ಟಿನ್, ಡ್ಯಾಕ್ಟಿನೊಮೈಸಿನ್‌ನಂಥ ಹಳೆಯ ಔಷಧಿಗಳೇ ಚೆನ್ನಾಗಿ ನಡೆಯುತ್ತವೆ. ಚಿಕಿತ್ಸೆಗೆ ಬೆಳಗಾವಿಗೆ ಹೊರಟಾಗ ಸ್ಲೈಡ್ ಜೊತೆ ಗಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಆಕೆಯ ಅಪ್ಪನ ಕೈಗೆ ಕೊಟ್ಟೆ. ಯಾವ ಜೀನ್ ಕೆಟ್ಟಿದೆ ಎಂದು ನೋಡಬೇಕಾದರೆ ಸಾಮಾನ್ಯವಾಗಿ ಆ ಬ್ಲಾಕೇ ಬೇಕು. ದಯವಿಟ್ಟು ಅದನ್ನು ಕಳೆಯಬೇಡಿ. ಬೇಸಿಗೆಯಲ್ಲಿ ಗಾಡಿಯ ಮುಂದಿನ ಗಾಜಿನಡಿ ಬಿಸಿಲಿಗೂ ಇಡಬೇಡಿ, ಮೇಣ ಕರಗುತ್ತದೆ.