ಚಾಕುವಿಗೆ ಮೊದಲು ಸ್ಕ್ಯಾನ್

1847ರಲ್ಲಿ ವಿಯೆನ್ನಾದ ವೈದ್ಯ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಅವರಿಗೆ ತಾಗಿತು. ಗಾಯ ಸಣ್ಣದು, ಆದರೆ ನಂಜೇರಿ ಅವರು ತೀರಿಕೊಂಡರು. ಅವರ ಗೆಳೆಯ, ಅಲ್ಲಿನ ಹೆರಿಗೆ ವಿಭಾಗದ ವೈದ್ಯ ಸೆಮ್ಮೆಲ್ವೈಸ್‌ಗೆ, ವೈದ್ಯರು ಕೈ ತೊಳೆಯಲೇಬೇಕೆಂದು ಹಟ ಹಿಡಿಯಲು ಸುಳಿವು ಸಿಕ್ಕಿದ್ದು ಈ ಸಾವಿನಿಂದಲೇ.

ಈಗ ಶವಪರೀಕ್ಷೆ ಮಾಡುವವರಿಗೆ ಕೈಗವಸು, ಮುಖಗವಸು ಎಲ್ಲ ಇವೆ. ಅಪಾಯ ಮಾತ್ರ ಪೂರ್ತಿ ಹೋಗಿಲ್ಲ. ಮುರಿದ ಪಕ್ಕೆಲುಬಿನ ಚೂಪು ತುದಿ ಕೈಗವಸನ್ನು ಸೀಳಬಲ್ಲದು. ಮೂಳೆ ಕೊಯ್ಯುವ ಗರಗಸ ಸೂಕ್ಷ್ಮ ಕಣಗಳನ್ನು ಗಾಳಿಗೆ ಎಬ್ಬಿಸುತ್ತದೆ. ಶ್ವಾಸಕೋಶ ತೆರೆಯುವಾಗ ಕ್ಷಯದ ರೋಗಾಣುಗಳೂ ಗಾಳಿಗೆ ಸೇರಬಹುದು. ಎದೆಯೊಳಗೆ ಅಳವಡಿಸಿದ ಡಿಫಿಬ್ರಿಲೇಟರ್ (ಹೃದಯದ ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಇನ್ನೂ ಚಾಲೂ ಇದ್ದರೆ, ಅದರ ತಂತಿ ಕತ್ತರಿಸಿದವರಿಗೇ ಶಾಕ್ ಹೊಡೆಯಬಹುದು!

ಇಲ್ಲೇ ಸಿಟಿ ಸ್ಕ್ಯಾನ್ ನೆರವಿಗೆ ಬರುವುದು. ಶವವನ್ನು ಮುಚ್ಚಿದ ಚೀಲದಲ್ಲಿಟ್ಟೇ ಯಂತ್ರದೊಳಗೆ ತೂರಿಸಬಹುದು, ಕ್ಷ-ಕಿರಣಕ್ಕೆ ಚೀಲ ಅಡ್ಡಿಯಲ್ಲ. ಗುಂಡು, ಮೂಳೆಯ ಚೂರು, ಮಿದುಳಿನ ರಕ್ತಸ್ರಾವ, ಹೊಗಬಾರದ ಕಡೆ ಹೊಕ್ಕ ಗಾಳಿ ಎಲ್ಲವೂ ಚಾಕು ಎತ್ತುವ ಮೊದಲೇ ಕಾಣುತ್ತವೆ. ಸತ್ತವರಿಗೆ ವಿಕಿರಣದ ಭಯವಿಲ್ಲ, ಉಸಿರಾಟದಿಂದ ಚಿತ್ರ ಮಸುಕಾಗುವುದೂ ಇಲ್ಲ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕಳೆದ ಶತಮಾನದ ಕೊನೆಗೆ ಶುರುವಾದ 'ವರ್ಟಾಪ್ಸಿ' (ಚಾಕುವಿಲ್ಲದೆ ಚಿತ್ರದಲ್ಲೇ ಶವಪರೀಕ್ಷೆ) ಯೋಜನೆ ಈ ದಾರಿಯನ್ನು ಗಟ್ಟಿಗೊಳಿಸಿತು.

ಹಾಗಂತ ಚಾಕುವನ್ನು ಮೂಲೆಗೆ ಎಸೆಯುವಂತಿಲ್ಲ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 182 ಶವಗಳ ಸಿಟಿ ಮತ್ತು ಎಂಆರ್‌ಐ (ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ) ಸ್ಕ್ಯಾನ್ ವರದಿಯನ್ನು ಶವಪರೀಕ್ಷೆಯ ವರದಿಯೊಂದಿಗೆ ಹೋಲಿಸಿತು. ಸಾವಿನ ಕಾರಣ ಹೇಳುವಲ್ಲಿ ಸಿಟಿ ಶೇ. 32ರಷ್ಟು, ಎಂಆರ್‌ಐ ಶೇ. 43ರಷ್ಟು ಪ್ರಕರಣಗಳಲ್ಲಿ ಶವಪರೀಕ್ಷೆಗಿಂತ ತೀರಾ ಬೇರೆಯದನ್ನೇ ಹೇಳಿದ್ದವು. ಹೃದಯದ ರಕ್ತನಾಳದ ಕಾಯಿಲೆ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪು ಇಂಥವು ತಪ್ಪಿಸಿಕೊಂಡಿದ್ದವು. ಹೆಣದಲ್ಲಿ ರಕ್ತ ಹರಿಯುವುದಿಲ್ಲವಲ್ಲ, ಹಾಗಾಗಿ ನಾಳಗಳನ್ನು ಎದ್ದು ಕಾಣಿಸುವ ದ್ರವವನ್ನು ಪಂಪ್ ಮಾಡಿಯೇ ತುಂಬಿಸಬೇಕು. ಸಂಶಯ ಉಳಿದ ಕಡೆ, ಚಿತ್ರ ನೋಡುತ್ತಲೇ ಸೂಜಿ ಚುಚ್ಚಿ ಅಂಗಾಂಶದ ಚೂರು ತೆಗೆಯಬಹುದು. ಇಡೀ ದೇಹ ತೆರೆಯಬೇಕಿಲ್ಲ.

ನನ್ನ ಮಟ್ಟಿಗೆ ಸ್ಕ್ಯಾನಿನ ದೊಡ್ಡ ಲಾಭ ಇದೇ: ಎಲ್ಲಿ ಕೊಯ್ಯಬೇಕು, ಎಲ್ಲಿ ಬೇಡ ಎಂದು ಅದು ಮೊದಲೇ ತಿಳಿಸುತ್ತದೆ. ಆದರೆ ಆ ಚಿತ್ರ ಓದಲು ಪಳಗಿದ ಕಣ್ಣು ಬೇಕು. ಸತ್ತ ಮೇಲೆ ಶ್ವಾಸಕೋಶದ ತಳಭಾಗದಲ್ಲಿ ಇಳಿದು ನಿಂತ ರಕ್ತ, ಬದುಕಿರುವವರ ಚಿತ್ರಗಳನ್ನಷ್ಟೇ ನೋಡಿದವರಿಗೆ ನ್ಯುಮೋನಿಯಾದಂತೆಯೇ ಕಾಣುತ್ತದೆ. ಕೊಳೆಯುವಾಗ ಹುಟ್ಟುವ ಅನಿಲವೂ ಗಾಯದ ಗುರುತೆಂದು ಮೋಸಗೊಳಿಸುತ್ತದೆ.