ಕ್ರಿಯೇಟಿನ್: ಖರ್ಚಾದ ಎಟಿಪಿ ಮರಳಿ ತುಂಬುವ ಬಗೆ

ಕ್ರಿಯೇಟಿನ್ ನಮ್ಮ ಸ್ನಾಯುಗಳಲ್ಲಿರುವ, ಪುಡಿಯಾಗಿಯೂ ಸೇವಿಸುವ ಒಂದು ವಸ್ತು. 'ಕ್ರಿಯೇಟಿನ್ ತಿಂದರೆ ಶಕ್ತಿ ಉತ್ಪತ್ತಿಯಾಗುತ್ತದೆ' ಎಂದರೆ ತಪ್ಪು. ಅದು ಇಂಧನವಲ್ಲ. ಕೋಶಗಳು ಶಕ್ತಿಗಾಗಿ ನೇರವಾಗಿ ಬಳಸುವ ಅಣು ಎಟಿಪಿ. ಖರ್ಚಾದ ಎಟಿಪಿಯನ್ನು ತಡಮಾಡದೆ ತುಂಬಿಕೊಡುವುದಷ್ಟೇ ಕ್ರಿಯೇಟಿನ್‌ನ ಕೆಲಸ.

ಸ್ನಾಯು ಬಿರುಸಾಗಿ ದುಡಿಯುವಾಗ ಎಟಿಪಿ ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿ ಆಗುತ್ತದೆ. ಕೋಶದೊಳಗಿನ ಎಟಿಪಿ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಆಗ ಫಾಸ್ಫೋಕ್ರಿಯೇಟಿನ್ (ಫಾಸ್ಫೇಟ್ ಕೂಡಿಕೊಂಡ ಕ್ರಿಯೇಟಿನ್) ತನ್ನ ಫಾಸ್ಫೇಟನ್ನು ಎಡಿಪಿಗೆ ದಾಟಿಸುತ್ತದೆ. ದಾಟಿಸುವ ಕಿಣ್ವ ಕ್ರಿಯೇಟಿನ್ ಕೈನೇಸ್. ಒಂದೇ ಹೆಜ್ಜೆಯ ಕ್ರಿಯೆ, ಆಮ್ಲಜನಕ ಬೇಡ. ಆದರೆ ಈ ದಾಸ್ತಾನೂ ಸುಮಾರು ಹತ್ತು ಸೆಕೆಂಡಿನದು. 100 ಮೀಟರ್ ಓಟಕ್ಕೆ, ಭಾರ ಎತ್ತುವುದಕ್ಕೆ ಇದರ ಲಾಭ ಕಾಣುವುದೂ ಮ್ಯಾರಥಾನ್‌ನಲ್ಲಿ ಅಷ್ಟಾಗಿ ಕಾಣದಿರುವುದೂ ಇದರಿಂದಲೇ. ದಣಿವಾರಿಸಿಕೊಳ್ಳುವಾಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯ ತಯಾರಿಸಿದ ಎಟಿಪಿಯಿಂದ ಕ್ರಿಯೇಟಿನ್‌ಗೆ ಫಾಸ್ಫೇಟ್ ಮತ್ತೆ ಕೂಡಿಕೊಳ್ಳುತ್ತದೆ.

70 ಕೆಜಿ ತೂಕದವರ ಮೈಯಲ್ಲಿ ಒಟ್ಟು ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಅದರಲ್ಲಿ ಶೇ 95ರಷ್ಟು ಸ್ನಾಯುಗಳಲ್ಲಿ. ದಿನಕ್ಕೆ ಹತ್ತಿರಹತ್ತಿರ 2 ಗ್ರಾಂ, ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಮೂತ್ರದಲ್ಲಿ ಹೋಗುತ್ತದೆ. ಹೀಗೆ ಹೋದದ್ದರ ಅರ್ಧದಷ್ಟನ್ನು ಮೂತ್ರಪಿಂಡ, ಯಕೃತ್ತು ಸೇರಿ ಅಮೈನೋ ಆಮ್ಲಗಳಿಂದ ಕಟ್ಟಿಕೊಳ್ಳುತ್ತವೆ. ಉಳಿದದ್ದು ಮಾಂಸ, ಮೀನಿನಿಂದ ಬರಬೇಕು. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಕಡಿಮೆ, ಹಾಗಾಗಿ ಪುಡಿ ತೆಗೆದುಕೊಂಡಾಗ ಏರಿಕೆ ಸಾಮಾನ್ಯವಾಗಿ ಅವರಲ್ಲೇ ಹೆಚ್ಚು.

ಪ್ರಮಾಣ: ಮೊನೊಹೈಡ್ರೇಟ್ ರೂಪ (ನೀರಿನ ಅಣು ಕೂಡಿಕೊಂಡ ಕ್ರಿಯೇಟಿನ್) ದಿನಕ್ಕೆ 3ರಿಂದ 5 ಗ್ರಾಂ. ದಿನಕ್ಕೆ 20 ಗ್ರಾಂನಂತೆ ನಾಲ್ಕು ಪಾಲು ಮಾಡಿ ಐದಾರು ದಿನ ತೆಗೆದುಕೊಂಡರೆ ಸ್ನಾಯು ಬೇಗ ತುಂಬುತ್ತದೆ. 3 ಗ್ರಾಂನಂತೆ ನಾಲ್ಕು ವಾರ ಹೋದರೂ ಅದೇ ಮಟ್ಟ. ಆತುರವಿಲ್ಲದವರಿಗೆ ಎರಡನೆಯದೇ ವಾಸಿ, ಏಕೆಂದರೆ ಒಂದೇ ಸಲ 10 ಗ್ರಾಂ ಸುರಿದುಕೊಂಡರೆ ಹೊಟ್ಟೆ ಕೆಡುವುದುಂಟು. ಮೊದಲ ವಾರ ಏರುವ ಒಂದು ಕೆಜಿ ತೂಕ ಹೆಚ್ಚಿನಂಶ ನೀರು, ಮಾಂಸಖಂಡವಲ್ಲ.

ನೀರಿಗೆ ಹಾಕಿದ ಪುಡಿ ಲೋಟದ ತಳದಲ್ಲಿ ಮರಳಿನಂತೆ ಉಳಿಯುವುದೇಕೆ? 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಕರಗುವುದು ಸುಮಾರು 14 ಗ್ರಾಂ ಮಾತ್ರ. 200 ಎಂಎಲ್ ಲೋಟಕ್ಕೆ 5 ಗ್ರಾಂ ಹಾಕಿದರೆ 2.8 ಗ್ರಾಂ ಕರಗಿ ಉಳಿದದ್ದು ತಳ ಸೇರುತ್ತದೆ. ಬೆಚ್ಚನೆಯ ನೀರು ಬಳಸಿ, ಇಲ್ಲವೇ ತಳದ್ದಕ್ಕೆ ಮತ್ತಷ್ಟು ನೀರು ಹಾಕಿ ಅಲುಗಾಡಿಸಿ ಕುಡಿಯಿರಿ. ಕಲಸಿಟ್ಟು ದಿನಗಟ್ಟಲೆ ಬಿಡಬೇಡಿ, ನಿಧಾನಕ್ಕೆ ಅದು ಕ್ರಿಯಾಟಿನಿನ್ ಆಗುತ್ತದೆ.

ಈ ಕ್ರಿಯಾಟಿನಿನ್ ಇನ್ನೊಂದು ಕಡೆಯೂ ಗೊಂದಲ ಹುಟ್ಟಿಸುತ್ತದೆ. ಮೂತ್ರಪಿಂಡದ ಸೋಸುವಿಕೆಯನ್ನು ಸಾಮಾನ್ಯವಾಗಿ ಲೆಕ್ಕಹಾಕುವುದು ರಕ್ತದಲ್ಲಿನ ಇದರ ಮಟ್ಟದಿಂದ. ಪುಡಿ ತೆಗೆದುಕೊಳ್ಳುವವರಲ್ಲಿ ಮೂತ್ರಪಿಂಡ ಸರಿಯಿದ್ದರೂ ಅಂಕಿ ತುಸು ಏರಬಹುದು. ಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ. ಅನುಮಾನ ಉಳಿದರೆ ರಕ್ತದ ಇನ್ನೊಂದು ವಸ್ತುವನ್ನು ಅಳೆದು ಸೋಸುವಿಕೆ ತಿಳಿಯುವ ಸಿಸ್ಟಾಟಿನ್ ಸಿ ಪರೀಕ್ಷೆ ಇದೆ. ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯುವುದು ಬೇಡ.